ಒಂದು ಯೂನಿಟ್, ಒಂದು ಸೆಮಿಸ್ಟರ್: ಕಾಲೇಜಿನ ನೋಟ್ಸನ್ನು ಮುಕ್ತ ಪಾಠವಾಗಿಸುವುದು ಹೇಗೆ?

ನಾನು ಅರ್ಥಶಾಸ್ತ್ರ ಕಲಿಸುವ ಡಿಗ್ರಿ ಕಾಲೇಜಿನಲ್ಲಿ ಒಂದು ಪಿಡಿಎಫ್ ಓಡಾಡುತ್ತಿತ್ತು. ಯಾರು ಬರೆದದ್ದೋ ಗೊತ್ತಿಲ್ಲ. ಕೈಬರಹದ ನೋಟ್ಸನ್ನು ಯಾರೋ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಬ್ಯಾಚಿನಿಂದ ಬ್ಯಾಚಿಗೆ ಅದು ದಾಟುತ್ತ ಬಂದಿತ್ತು. ಅದರಲ್ಲಿ ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವದ, ಅಂದರೆ ಬೆಲೆ ಬದಲಾದರೆ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆ ಎಂದು ಅಳೆಯುವ, ಸೂತ್ರ ತಲೆಕೆಳಗಾಗಿತ್ತು. ಮೇಲೆ ಇರಬೇಕಾದ್ದು ಕೆಳಗೆ, ಕೆಳಗಿನದ್ದು ಮೇಲೆ. ಇಂಟರ್ನಲ್ಸ್ ಪೇಪರ್ ನೋಡುವಾಗ ಅರ್ಧ ಕ್ಲಾಸು ಅದೇ ತಪ್ಪನ್ನು ಬರೆದಿತ್ತು. ಮುಂದಿನ ವರ್ಷವೂ ಬರೆಯಿತು. ನಾನು ಬೋರ್ಡಿನ ಮೇಲೆ ಎಷ್ಟು ಸಲ ಸರಿಯಾಗಿ ಬರೆದರೂ ಪರೀಕ್ಷೆಯ ಹಿಂದಿನ ರಾತ್ರಿ ಗೆಲ್ಲುತ್ತಿದ್ದದ್ದು ಆ ಪಿಡಿಎಫ್.

ಅದನ್ನು ತಿದ್ದೋಣ ಎಂದು ಹೊರಟೆ. ತಿದ್ದುವುದಕ್ಕೆ ಮೂಲ ಕಡತವೇ ಇಲ್ಲ. ಬರೆದವರು ಯಾರೆಂದು ಗೊತ್ತಿಲ್ಲದ ಮೇಲೆ ತಿದ್ದಿ ಹಂಚುವ ಹಕ್ಕು ನನಗಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಪುಕ್ಕಟೆಯಾಗಿ ಸಿಗುವುದು ಬೇರೆ, ಮುಕ್ತವಾಗಿರುವುದು ಬೇರೆ ಎಂದು ನನಗೆ ಅರ್ಥವಾದದ್ದು ಆವತ್ತು.

ಮುಕ್ತ ಶೈಕ್ಷಣಿಕ ಸಂಪನ್ಮೂಲ, ಅಂದರೆ ಓಇಆರ್, ಎಂಬ ಹೆಸರು ಹುಟ್ಟಿದ್ದು 2002ರಲ್ಲಿ ಯುನೆಸ್ಕೊ ನಡೆಸಿದ ಒಂದು ಸಭೆಯಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಅಮೆರಿಕದ ಎಂಐಟಿ ತನ್ನ ಪಾಠಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ತೆರೆದಿಡುವುದಾಗಿ ಹೇಳಿತ್ತು. 2019ರಲ್ಲಿ ಯುನೆಸ್ಕೊ ಸದಸ್ಯ ದೇಶಗಳು ಈ ಬಗ್ಗೆ ಒಂದು ಶಿಫಾರಸನ್ನೇ ಒಪ್ಪಿಕೊಂಡವು. ಇದರ ತಿರುಳು ಐದು ಹಕ್ಕುಗಳು. ಪಾಠವನ್ನು ನಮ್ಮ ಬಳಿ ಇಟ್ಟುಕೊಳ್ಳುವುದು, ಬಳಸುವುದು, ತಿದ್ದುವುದು, ಬೇರೆಯದರ ಜೊತೆ ಬೆರೆಸುವುದು, ಮತ್ತೆ ಹಂಚುವುದು. ಈ ಐದೂ ಇದ್ದರೆ ಅದು ಮುಕ್ತ. ನಮ್ಮ ವಾಟ್ಸಾಪ್ ಪಿಡಿಎಫ್‌ಗಳಲ್ಲಿ ಮೊದಲಿನ ಎರಡು ಹೇಗೋ ನಡೆಯುತ್ತವೆ. ಉಳಿದ ಮೂರಕ್ಕೆ ಬಾಗಿಲು ಮುಚ್ಚಿದೆ.

ಕೆಳಗಿರುವುದು ಆ ಬಾಗಿಲು ತೆರೆಯುವ ದಾರಿ. ಡಿಗ್ರಿ ಅಥವಾ ಪಿಜಿ ಕ್ಲಾಸಿಗೆ ಕನ್ನಡದಲ್ಲಿ ಪಾಠ ಮಾಡುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಒಂದು ಲ್ಯಾಪ್‌ಟಾಪು, ಒಂದು ಸ್ಮಾರ್ಟ್‌ಫೋನು ಇದ್ದರೆ ಸಾಕು.

ಹಂತ 1: ಒಂದೇ ಯೂನಿಟ್ ಆರಿಸಿ

ಇಡೀ ಪೇಪರಿಗೆ ಕೈ ಹಾಕಬೇಡಿ. ನಾನು ಮೊದಲ ಸಲ ಐದು ಯೂನಿಟ್‌ಗೂ ವಿಡಿಯೊ ಮಾಡುತ್ತೇನೆಂದು ಹೊರಟು ಎರಡನೆಯದರಲ್ಲೇ ಸುಸ್ತಾದೆ. ವಿದ್ಯಾರ್ಥಿಗಳು ಪ್ರತಿ ವರ್ಷ ಎಲ್ಲಿ ಎಡವುತ್ತಾರೆ? ಹಳೆಯ ಉತ್ತರ ಪತ್ರಿಕೆಗಳನ್ನು ನೋಡಿದರೆ ತಿಳಿಯುತ್ತದೆ. ಆ ಯೂನಿಟ್ ನಿಮ್ಮದು. ನನ್ನ ಪಾಲಿಗೆ ಅದು ಬೇಡಿಕೆಯ ಸ್ಥಿತಿಸ್ಥಾಪಕತ್ವ. ಪದ ಕೇಳಿಯೇ ಮಕ್ಕಳು ಹೆದರುತ್ತಾರೆ, ಪಾಪ.

ಒಂದು ಕಾಗದ ತೆಗೆದುಕೊಂಡು ಬರೆಯಿರಿ: ಈ ಯೂನಿಟ್ ಮುಗಿದ ಮೇಲೆ ವಿದ್ಯಾರ್ಥಿ ಏನು ಮಾಡಬಲ್ಲ? "ತಿಳಿಯುತ್ತಾನೆ", "ಅರಿಯುತ್ತಾಳೆ" ಎಂದು ಬರೆಯಬೇಡಿ. "ಬೆಲೆ ಮತ್ತು ಪ್ರಮಾಣ ಕೊಟ್ಟರೆ ಸ್ಥಿತಿಸ್ಥಾಪಕತ್ವ ಲೆಕ್ಕ ಹಾಕುತ್ತಾಳೆ" ಎಂದು ಬರೆಯಿರಿ. ಇಂಥ ನಾಲ್ಕೈದು ಸಾಲು ಸಾಕು. ಮುಂದಿನ ಎಲ್ಲ ಕೆಲಸಕ್ಕೂ ಇದೇ ಅಳತೆಗೋಲು.

ಪಾಠದ ಚೌಕಟ್ಟಿಗೆ ತಲೆ ಕೆಡಿಸಿಕೊಳ್ಳಬೇಡಿ. 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸ್ವಯಂ ತಾಣದಲ್ಲಿ ಪ್ರತಿ ಕೋರ್ಸಿಗೂ ನಾಲ್ಕು ಭಾಗಗಳಿರುತ್ತವೆ: ವಿಡಿಯೊ, ಓದುವ ಪಠ್ಯ, ಚರ್ಚೆ, ತಾವೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು. ಇದನ್ನೇ ಎತ್ತಿಕೊಳ್ಳಿ. ಚೆನ್ನಾಗಿದೆ, ಮತ್ತೆ ಯುಜಿಸಿ ಒಪ್ಪಿದ ಅಚ್ಚು ಎಂದು ಪ್ರಿನ್ಸಿಪಾಲರಿಗೆ ಹೇಳುವುದೂ ಸುಲಭ.

ಹಂತ 2: ಮಾಡುವ ಮೊದಲು ಹುಡುಕಿ

ನಿಮ್ಮ ವಿಷಯದ ಮೇಲೆ ಯಾರೋ ಆಗಲೇ ಒಳ್ಳೆಯ ಚಿತ್ರ, ಲೆಕ್ಕ, ವಿಡಿಯೊ ಮಾಡಿಟ್ಟಿರಬಹುದು. ಒಂದು ವಾರ ಹುಡುಕಾಟಕ್ಕೆ ಇಡಿ.

ವಿಜ್ಞಾನದವರಾದರೆ ಪ್ರಯೋಗಗಳನ್ನು ಪರದೆಯ ಮೇಲೇ ಮಾಡಿ ನೋಡುವ, ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳನ್ನು ನೋಡಿ. ಅದರಲ್ಲಿ ಕೆಲವು ಕನ್ನಡದಲ್ಲೂ ಇವೆ. ಸಾಫ್ಟ್‌ವೇರ್ ಕಲಿಸುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ. ಸುಮಾರು ಹತ್ತು ನಿಮಿಷದ ಪಾಠಗಳು, ಪಕ್ಕದಲ್ಲೇ ಅಭ್ಯಾಸ ಮಾಡುತ್ತ ಕಲಿಯುವಂಥವು, ಬಹಳಷ್ಟಕ್ಕೆ ಕನ್ನಡ ಧ್ವನಿ ಇದೆ. ಪಠ್ಯಪುಸ್ತಕ ಬೇಕಾದರೆ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಭೌತಶಾಸ್ತ್ರ ಎಲ್ಲವೂ ಇವೆ, ಆದರೆ ಇಂಗ್ಲಿಷಿನಲ್ಲಿ. ಮಾದರಿಗೆ ಐಐಟಿಗಳ ವಿಡಿಯೊ ಪಾಠಗಳಿರುವ ಎನ್‌ಪಿಟಿಇಎಲ್ ಮತ್ತು ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಇ-ಜ್ಞಾನಕೋಶ ನೋಡಿ. ಚಿತ್ರಗಳಿಗೆ ವಿಕಿಮೀಡಿಯಾ ಕಾಮನ್ಸ್.

ಕನ್ನಡದ್ದೇ ಬೇಕೆಂದರೆ ಎರಡು ಜಾಗ ನೆನಪಿಡಿ. ಒಂದು, ಕರ್ನಾಟಕದ ಶಾಲಾ ಶಿಕ್ಷಕರು ಸೇರಿ ಕಟ್ಟಿದ ಕೋಯರ್ ವಿಕಿ. ಶಾಲೆಯ ಮಟ್ಟದ್ದೇ, ಆದರೂ ಡಿಗ್ರಿ ಮೊದಲ ವರ್ಷದ ತಳಪಾಯಕ್ಕೆ ಬೇಕಾದ್ದು ಅಲ್ಲಿ ಸಿಗುತ್ತದೆ. ಇನ್ನೊಂದು ಕನ್ನಡ ವಿಕಿಪೀಡಿಯಾ ಮತ್ತು ವಿಕಿಸೋರ್ಸ್. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಲೈಸೆನ್ಸಿನಲ್ಲಿ ಬಿಟ್ಟುಕೊಟ್ಟಿತು. ಇದು ದೊಡ್ಡ ಕೊಡುಗೆ. ಪಾರಿಭಾಷಿಕ ಪದ ಸಿಗದೆ ಒದ್ದಾಡುವಾಗ ನಾನು ಮೊದಲು ತೆರೆಯುವುದು ಅದನ್ನೇ.

ಅರ್ಥಶಾಸ್ತ್ರ, ವಾಣಿಜ್ಯದವರು ಸರ್ಕಾರದ ಮುಕ್ತ ದತ್ತಾಂಶ ತಾಣವನ್ನೂ ಬಿಡಬೇಡಿ. ದೇಶದ ಮಾರುಕಟ್ಟೆಗಳ ದಿನದ ಬೆಲೆ ಅಲ್ಲಿ ಇಳಿಸಿಕೊಳ್ಳಲು ಸಿಗುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತಲ್ವಾ? ನನ್ನ ಯೂನಿಟ್ಟಿನ ಉದಾಹರಣೆ ಅದೇ. ಪಠ್ಯಪುಸ್ತಕದ "ಎಕ್ಸ್ ಸರಕು, ವೈ ಸರಕು" ಓದಿ ಆಕಳಿಸುತ್ತಿದ್ದವರು ಟೊಮೆಟೊ ಎಂದ ಕೂಡಲೇ ಎದ್ದು ಕೂತರು. ಆ ತಿಂಗಳು ಮನೆಯಲ್ಲಿ ಸಾರಿಗೆ ಹುಣಸೆಹಣ್ಣು ಜಾಸ್ತಿ ಬಿತ್ತು ಎಂದು ಒಬ್ಬಳು ಹೇಳಿದಳು. ಬದಲಿ ಸರಕಿನ ಪಾಠ ಅಲ್ಲೇ ಮುಗಿಯಿತು.

ಹಂತ 3: ಲೈಸೆನ್ಸ್ ಓದಲು ಕಲಿಯಿರಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ನಿಧಾನವಾಗಿ ಓದಿ.

ಬಹುತೇಕ ಮುಕ್ತ ಪಾಠಗಳ ಮೇಲೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇರುತ್ತದೆ. ಚಿಕ್ಕದಾಗಿ ಸಿಸಿ. 2002ರ ಕೊನೆಯಲ್ಲಿ ಶುರುವಾದದ್ದು, ಈಗ ಚಾಲ್ತಿಯಲ್ಲಿರುವುದು 4.0 ಆವೃತ್ತಿ. ನಾಲ್ಕು ತುಂಡುಗಳನ್ನು ಜೋಡಿಸಿ ಆರು ಲೈಸೆನ್ಸ್ ಮಾಡಿದ್ದಾರೆ:

- ಬೈ: ಬರೆದವರ ಹೆಸರು ಹೇಳಬೇಕು. ಆರರಲ್ಲೂ ಇದು ಇದೆ.
- ಎಸ್‌ಎ: ತಿದ್ದಿ ಹಂಚುವುದಾದರೆ ಅದೇ ಲೈಸೆನ್ಸಿನಲ್ಲಿ ಹಂಚಬೇಕು.
- ಎನ್‌ಸಿ: ವ್ಯಾಪಾರಕ್ಕೆ ಬಳಸುವಂತಿಲ್ಲ.
- ಎನ್‌ಡಿ: ತಿದ್ದಿದ್ದನ್ನು ಹಂಚುವಂತಿಲ್ಲ.

ಕನ್ನಡದವರು ಮುಖ್ಯವಾಗಿ ನೋಡಬೇಕಾದದ್ದು ಕೊನೆಯದನ್ನು. ಎನ್‌ಡಿ ಇದ್ದರೆ ಅನುವಾದ ಮಾಡಿ ಹಂಚುವಂತಿಲ್ಲ, ಏಕೆಂದರೆ ಅನುವಾದವೂ ತಿದ್ದುಪಡಿಯೇ. ಎಷ್ಟೇ ಚೆನ್ನಾಗಿರಲಿ, ಅದನ್ನು ಬದಿಗಿಟ್ಟು ಮುಂದೆ ಹೋಗಿ, ಇಲ್ಲವೇ ಬರೆದವರಿಗೆ ಮೇಲ್ ಹಾಕಿ ಕೇಳಿ.

ಎರಡನೆಯ ತೊಡಕು ಬೆರೆಸುವಾಗ ಬರುತ್ತದೆ. ಬೈ ಮಾತ್ರ ಇರುವುದನ್ನು ಹೆಸರು ಹೇಳಿ ಎಲ್ಲಿ ಬೇಕಾದರೂ ಸೇರಿಸಬಹುದು. ಬೈ-ಎಸ್‌ಎ ಪಠ್ಯವನ್ನೂ ಬೈ-ಎನ್‌ಸಿ-ಎಸ್‌ಎ ಪಠ್ಯವನ್ನೂ ಕಲಸಿ ಒಂದೇ ಪಾಠ ಮಾಡಲು ಆಗುವುದಿಲ್ಲ. ಎರಡೂ "ನನ್ನ ಲೈಸೆನ್ಸೇ ಇರಬೇಕು" ಎಂದು ಹಠ ಹಿಡಿಯುತ್ತವೆ. ಆದ್ದರಿಂದ ಹುಡುಕುವಾಗಲೇ ಒಂದು ಸ್ಪ್ರೆಡ್‌ಶೀಟ್ ತೆರೆದು ಬರೆದಿಡಿ: ಏನು, ಯಾರದ್ದು, ಎಲ್ಲಿ ಸಿಕ್ಕಿತು, ಯಾವ ಲೈಸೆನ್ಸ್, ನೀವು ಏನು ಬದಲಾಯಿಸಿದಿರಿ. ಇದನ್ನು ಕೊನೆಗೆ ಮಾಡುತ್ತೇನೆ ಎಂದುಕೊಂಡವರು ಯಾರೂ ಮಾಡಿಲ್ಲ, ನಾನೂ ಸೇರಿ.

ಹೆಸರು ಹೇಳುವುದೆಂದರೆ "ಕೃಪೆ: ಇಂಟರ್ನೆಟ್" ಎಂದು ಬರೆಯುವುದಲ್ಲ. ಹೀಗೆ ಬರೆಯಿರಿ: "ಬೇಡಿಕೆ ರೇಖೆಯ ಚಿತ್ರ: ಇಂಥವರದ್ದು, ವಿಕಿಮೀಡಿಯಾ ಕಾಮನ್ಸ್‌ನಿಂದ (ಕೊಂಡಿ), ಸಿಸಿ ಬೈ-ಎಸ್‌ಎ 4.0. ಹೆಸರುಪಟ್ಟಿಗಳನ್ನು ಕನ್ನಡಕ್ಕೆ ಬದಲಾಯಿಸಲಾಗಿದೆ."

ಸರಿ, ಲೈಸೆನ್ಸೇ ಕಾಣದಿದ್ದರೆ? ಆಗ ಅದು ಮುಕ್ತವಲ್ಲ. ಗೂಗಲ್ ಇಮೇಜಿನಲ್ಲಿ ಸಿಕ್ಕಿತು ಎಂಬುದು ಲೈಸೆನ್ಸ್ ಅಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ವಿಧಿಯಲ್ಲಿ ಮೇಷ್ಟ್ರಿಗೂ ವಿದ್ಯಾರ್ಥಿಗೂ ಪಾಠದ ಸಲುವಾಗಿ ನಕಲು ಮಾಡಿಕೊಳ್ಳಲು ರಿಯಾಯಿತಿ ಇದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ್ದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು 2016ರಲ್ಲಿ ಇದೇ ರಿಯಾಯಿತಿಯನ್ನು ಎತ್ತಿ ಹಿಡಿಯಿತು. ಆದರೆ ಆ ರಿಯಾಯಿತಿ ಕಲಿಸುವ ಕೆಲಸಕ್ಕೆ. ಬೇರೆಯವರ ಪುಸ್ತಕದ ಪುಟವನ್ನು ನಿಮ್ಮ ಪಾಠಕ್ಕೆ ಅಂಟಿಸಿ, ಅದರ ಮೇಲೆ ನಿಮ್ಮ ಸಿಸಿ ಮುದ್ರೆ ಒತ್ತಿ ಲೋಕಕ್ಕೆಲ್ಲ ಹಂಚಿಕೊಳ್ಳಿ ಎನ್ನುವ ಹಕ್ಕನ್ನು ಅದು ಕೊಡುವುದಿಲ್ಲ. ನಿಮ್ಮದಲ್ಲದ್ದನ್ನು ನೀವು ದಾನ ಮಾಡಲಾಗದು, ಅಷ್ಟೇ.

ಕನ್ನಡ ಸಾಹಿತ್ಯ ಕಲಿಸುವ ಗೆಳೆಯರಿಗೆ ಒಂದು ಮಾತು. ನಮ್ಮಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಹೋದ ಮೇಲೆ 60 ವರ್ಷ ಇರುತ್ತದೆ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಅವರು ಬರೆದದ್ದು ಈಗ ಎಲ್ಲರದ್ದು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅವರ ಕವಿತೆಗಳು 2054 ಮುಗಿಯುವವರೆಗೆ ಹಕ್ಕಿನಡಿ ಇವೆ. ವಚನಗಳಿಗೆ ಹಕ್ಕಿಲ್ಲ. ಆದರೆ ಇತ್ತೀಚಿನ ಸಂಪಾದಕರೊಬ್ಬರು ಬರೆದ ಟಿಪ್ಪಣಿಗೆ ಹಕ್ಕಿದೆ. ವಚನವನ್ನು ಎತ್ತಿಕೊಳ್ಳಿ, ಟಿಪ್ಪಣಿಯನ್ನು ನೀವೇ ಬರೆಯಿರಿ.

ಇನ್ನು ನಿಮ್ಮ ಪಾಠಕ್ಕೆ ಯಾವುದು? ನಾನು ಬೈ-ಎಸ್‌ಎ ಹಾಕುತ್ತೇನೆ. "ನನ್ನ ನೋಟ್ಸನ್ನು ಗೈಡ್ ಮಾಡುವವರು ಅಚ್ಚು ಹಾಕಿ ಮಾರಿದರೆ?" ಎಂಬ ಭಯಕ್ಕೆ ಬಹಳ ಜನ ಎನ್‌ಸಿ ಹಾಕುತ್ತಾರೆ. ಭಯ ಸುಳ್ಳಲ್ಲ. ಆದರೆ ಬೈ-ಎಸ್‌ಎ ಇದ್ದರೆ ಮಾರುವವರು ನಿಮ್ಮ ಹೆಸರು ಹಾಕಲೇಬೇಕು, ಅವರು ತಿದ್ದಿದ್ದನ್ನೂ ಯಾರು ಬೇಕಾದರೂ ನಕಲು ಮಾಡಬಹುದು. ಹಾಗಿರುವಾಗ ಮಾರಿ ಹೆಚ್ಚೇನೂ ಗಿಟ್ಟುವುದಿಲ್ಲ. ಎನ್‌ಸಿ ಹಾಕಿದರೆ ನಿಮ್ಮ ಪಾಠ ವಿಕಿಪೀಡಿಯಾಕ್ಕೂ ಕಾಮನ್ಸ್‌ಗೂ ಹೋಗುವುದಿಲ್ಲ. ಒಂದು ಎಚ್ಚರಿಕೆ: ಸಿಸಿ ಲೈಸೆನ್ಸನ್ನು ಒಮ್ಮೆ ಕೊಟ್ಟ ಮೇಲೆ ವಾಪಸು ಪಡೆಯಲಾಗದು. ಮನಸ್ಸು ಗಟ್ಟಿ ಮಾಡಿಕೊಂಡೇ ಹಾಕಿ.

ಇನ್ನೂ ಒಂದು ಕಾಗದದ ಕೆಲಸ. ಕೆಲಸದ ಭಾಗವಾಗಿ ಬರೆದದ್ದರ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರದ್ದು ಎಂದು ನಮ್ಮ ಕಾಯ್ದೆ ಹೇಳುತ್ತದೆ. ಪಾಠದ ನೋಟ್ಸಿಗೆ ಇದು ಎಷ್ಟು ಅನ್ವಯಿಸುತ್ತದೆ ಎಂಬ ವಾದಕ್ಕೆ ಇಳಿಯುವುದಕ್ಕಿಂತ, "ಈ ಪಾಠವನ್ನು ಸಿಸಿ ಬೈ-ಎಸ್‌ಎಯಲ್ಲಿ ಪ್ರಕಟಿಸಲು ಆಕ್ಷೇಪಣೆ ಇಲ್ಲ" ಎಂಬ ಒಂದು ಸಾಲಿನ ಪತ್ರವನ್ನು ಕಾಲೇಜಿನಿಂದ ಮೊದಲೇ ಪಡೆದುಕೊಳ್ಳಿ.

ಹಂತ 4: ನುಡಿಯಿಂದ ಯೂನಿಕೋಡಿಗೆ

ಕನ್ನಡದಲ್ಲಿ ಈ ಕೆಲಸ ಮಾಡುವವರಿಗೆ ಮಾತ್ರ ಗೊತ್ತಿರುವ ಕಷ್ಟ ಇದು. ನಮ್ಮ ಬಹುತೇಕ ಉಪನ್ಯಾಸಕರ ನೋಟ್ಸ್ ನುಡಿ ಅಥವಾ ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇದೆ. ಕಾಗದದ ಮೇಲೆ ಚೆಂದವಾಗಿ ಕಾಣುತ್ತದೆ. ಮೊಬೈಲಿನಲ್ಲಿ ತೆರೆದರೆ ತಲೆ ಮೇಲೆ ಚುಕ್ಕೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ. ಹುಡುಕಿದರೆ ಸಿಗುವುದಿಲ್ಲ, ಫೋನು ಓದಿ ಹೇಳುವುದಿಲ್ಲ, ಇನ್ನೊಬ್ಬರು ತಿದ್ದಲೂ ಆಗುವುದಿಲ್ಲ.

ಅದನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರು, ಫೋನುಗಳೂ ಕನ್ನಡವೆಂದು ಗುರುತಿಸುವ ರೂಪಕ್ಕೆ, ಬದಲಾಯಿಸುವ ದಾರಿ ಹೀಗಿದೆ. ಹಳೆಯ ಕಡತದ ಪ್ರತಿ ಇಟ್ಟುಕೊಳ್ಳಿ. ಅದರಲ್ಲಿ ಇಂಗ್ಲಿಷ್ ಪದಗಳು, ಸೂತ್ರಗಳು ಇರುವ ಸಾಲುಗಳಿಗೆ ಬಣ್ಣ ಬಳಿಯಿರಿ. ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಚಿಂದಿ ಮಾಡುತ್ತದೆ. ಆಮೇಲೆ ಆನ್‌ಲೈನಿನಲ್ಲಿ ಉಚಿತವಾಗಿ ಸಿಗುವ ಪರಿವರ್ತಕಕ್ಕೆ ಹಾಕಿ. ಬಂದದ್ದನ್ನು ಲಿಬ್ರೆ ಆಫೀಸಿನಲ್ಲಿ ಅಂಟಿಸಿ, ಒಮ್ಮೆ ಕೂತು ಓದಿ. ಅರ್ಕಾವತ್ತು, ದೀರ್ಘ, ಒತ್ತಕ್ಷರ, ಅಂಕಿಗಳು: ತಪ್ಪುಗಳು ಈ ನಾಲ್ಕು ಕಡೆ ಅಡಗಿರುತ್ತವೆ. 20 ಪುಟಕ್ಕೆ ನನಗೆ ಒಂದು ಮಧ್ಯಾಹ್ನ ಹಿಡಿಯಿತು.

ಕಾಗದದ ನೋಟ್ಸ್ ಮಾತ್ರ ಇದ್ದರೆ, ಅಚ್ಚಿನದ್ದಾದರೆ ಫೋಟೊ ತೆಗೆದು ಗೂಗಲ್ ಡ್ರೈವಿಗೆ ಹಾಕಿ, ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರದಲ್ಲಿರುವ ಕನ್ನಡವನ್ನು ಅದು ಅಕ್ಷರಕ್ಕೆ ಇಳಿಸುತ್ತದೆ. ಕೈಬರಹಕ್ಕೆ ಇದನ್ನು ನಂಬಬೇಡಿ. ಜೋರಾಗಿ ಓದಿ, ಫೋನಿನ ಧ್ವನಿ ಟೈಪಿಂಗ್ ಬಳಸುವುದೇ ಬೇಗ.

ಇನ್ನು ಮುಂದೆ ಬರೆಯುವುದನ್ನೆಲ್ಲ ಯೂನಿಕೋಡಿನಲ್ಲೇ ಬರೆಯಿರಿ. ನುಡಿಯ ಹೊಸ ಆವೃತ್ತಿಗಳಲ್ಲೂ ಆ ಆಯ್ಕೆ ಇದೆ, ಬೆರಳಿಗೆ ರೂಢಿಯಾದ ಕೀಲಿಮಣೆ ಬಿಡಬೇಕಿಲ್ಲ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ ಸಾಕು. ಎರಡೂ ಮುಕ್ತ ಫಾಂಟುಗಳು.

ಹಂತ 5: ಫೋನಿನಲ್ಲಿ ಓದುವವರಿಗೆ ಬರೆಯಿರಿ

ನಿಮ್ಮ ವಿದ್ಯಾರ್ಥಿನಿ ಬಸ್ಸಿನಲ್ಲಿ ನಿಂತುಕೊಂಡು ಆರು ಇಂಚಿನ ಪರದೆಯಲ್ಲಿ ಓದುತ್ತಾಳೆ. ಪ್ಯಾರಾ ಚಿಕ್ಕದಿರಲಿ. ಮೊದಲು ಉದಾಹರಣೆ, ಆಮೇಲೆ ವ್ಯಾಖ್ಯೆ. ನಮ್ಮ ಪಠ್ಯಪುಸ್ತಕಗಳು ಇದನ್ನು ಉಲ್ಟಾ ಮಾಡುತ್ತವೆ.

ನನ್ನ ಪಾಠದ ಮೊದಲ ಲೆಕ್ಕ ಹೀಗಿದೆ. ಟೊಮೆಟೊ ಕೆ.ಜಿ.ಗೆ 20 ರೂಪಾಯಿ ಇದ್ದಾಗ ಒಂದು ಅಂಗಡಿಯಲ್ಲಿ 100 ಕೆ.ಜಿ. ಮಾರಾಟವಾಗುತ್ತಿತ್ತು. ಬೆಲೆ 25 ಆಯಿತು, ಮಾರಾಟ 90ಕ್ಕೆ ಇಳಿಯಿತು. ಬೆಲೆ ಏರಿದ್ದು ಶೇ. 25, ಪ್ರಮಾಣ ಇಳಿದದ್ದು ಶೇ. 10. ಹತ್ತನ್ನು ಇಪ್ಪತ್ತೈದರಿಂದ ಭಾಗಿಸಿದರೆ 0.4. ಒಂದಕ್ಕಿಂತ ಕಡಿಮೆ. ಬೆಲೆ ಅಷ್ಟು ಏರಿದರೂ ಜನ ಕೊಳ್ಳುವುದನ್ನು ಅಷ್ಟಾಗಿ ಬಿಡಲಿಲ್ಲ. ಅಂಗಡಿಯವನ ಗಲ್ಲಾ 2,000ದಿಂದ 2,250ಕ್ಕೆ ಏರಿತು. ಇಷ್ಟಾದ ಮೇಲೆ "ಇದಕ್ಕೆ ಸ್ಥಿತಿಸ್ಥಾಪಕತ್ವ ಎನ್ನುತ್ತಾರೆ" ಎಂದರೆ ಪದ ಹೆದರಿಸುವುದಿಲ್ಲ.

ಪಾರಿಭಾಷಿಕ ಪದಗಳ ಬಗ್ಗೆ ನನ್ನ ನಿಲುವು: ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯಲ್ಲಿ ಬರುವ ಪದವನ್ನೇ ಬಳಸಿ, ನಿಮಗೆ ಇಷ್ಟವಾಗದಿದ್ದರೂ. ಪಾಠದ ಕೊನೆಯಲ್ಲಿ ಒಂದು ಪದಪಟ್ಟಿ ಕೊಡಿ. ಪಿಜಿಗೆ ಹೋದಾಗ ಇಂಗ್ಲಿಷ್ ಪದಗಳು ಎದುರಾಗುತ್ತವೆ, ಆಗ ಅದು ಕೈ ಹಿಡಿಯುತ್ತದೆ.

ಶೀರ್ಷಿಕೆಗಳನ್ನು ಸುಮ್ನೆ ದಪ್ಪ ಅಕ್ಷರ ಮಾಡಿ ಬಿಡಬೇಡಿ, ಹೆಡಿಂಗ್ ಸ್ಟೈಲ್ ಬಳಸಿ. ಪ್ರತಿ ಚಿತ್ರಕ್ಕೂ ಅದರಲ್ಲಿ ಏನಿದೆ ಎಂದು ಒಂದು ಸಾಲು ಸೇರಿಸಿ. ಕಣ್ಣು ಕಾಣದ ವಿದ್ಯಾರ್ಥಿ ಪರದೆಯನ್ನು ಓದಿ ಹೇಳುವ ಆಂಡ್ರಾಯ್ಡಿನ ಟಾಕ್‌ಬ್ಯಾಕ್ ಇಟ್ಟುಕೊಂಡು ಕೇಳುವಾಗ ಇವೆರಡೇ ಅವನ ದಾರಿಗುರುತು. ಸ್ಕ್ಯಾನ್ ಮಾಡಿದ ಪಿಡಿಎಫ್ ಅವನಿಗೆ ಖಾಲಿ ಹಾಳೆ.

ಹಂತ 6: ವಿಡಿಯೊ

ಚಿಕ್ಕದಾಗಿರಲಿ. ಎಡ್‌ಎಕ್ಸ್ ತಾಣದ ಕೋರ್ಸುಗಳಲ್ಲಿ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದು, ವಿಡಿಯೊ ಎಷ್ಟೇ ಉದ್ದ ಇರಲಿ, ನೋಡುಗರು ಅದರಲ್ಲಿ ತೊಡಗುವುದು ಹೆಚ್ಚೆಂದರೆ ಆರು ನಿಮಿಷ ಎಂದು ತೋರಿಸಿತ್ತು. 45 ನಿಮಿಷದ ಕ್ಲಾಸನ್ನು ಹಾಗೇ ರೆಕಾರ್ಡ್ ಮಾಡಿ ಹಾಕುವುದು ಯಾರಿಗೂ ಉಪಯೋಗವಿಲ್ಲ. ಒಂದು ವಿಡಿಯೊ, ಒಂದು ಪ್ರಶ್ನೆ. "ಉಪ್ಪಿನ ಬೆಲೆ ಡಬಲ್ ಆದರೂ ನಾವೇಕೆ ಅಷ್ಟೇ ಕೊಳ್ಳುತ್ತೇವೆ?" ಎಂಬುದಕ್ಕೆ ಐದು ನಿಮಿಷ ಧಾರಾಳವಾಯಿತು.

ಮೊದಲು ಮಾತನ್ನು ಬರೆದುಕೊಳ್ಳಿ. ನಾಲ್ಕು ಕೆಲಸಕ್ಕೆ ಬರುತ್ತದೆ: ತಡವರಿಸುವುದು ಕಡಿಮೆಯಾಗುತ್ತದೆ, ಅದೇ ಸಬ್‌ಟೈಟಲ್ ಆಗುತ್ತದೆ, ಅದೇ ಓದುವ ಪಠ್ಯವಾಗುತ್ತದೆ, ಮುಂದೆ ಬೇರೆ ಯಾರಾದರೂ ತಮ್ಮ ಧ್ವನಿಯಲ್ಲಿ ಮಾಡುವುದಾದರೆ ಅವರಿಗೂ ಸಿಗುತ್ತದೆ.

ಪರದೆ ರೆಕಾರ್ಡ್ ಮಾಡಲು ಓಬಿಎಸ್ ಸ್ಟುಡಿಯೊ, ಧ್ವನಿ ತಿದ್ದಲು ಆಡಾಸಿಟಿ, ಕತ್ತರಿಸಿ ಜೋಡಿಸಲು ಕೆಡೆನ್‌ಲೈವ್. ಮೂರೂ ಉಚಿತ, ಮುಕ್ತ ತಂತ್ರಾಂಶಗಳು. ಕ್ಯಾಮೆರಾಕ್ಕೆ ದುಡ್ಡು ಹಾಕಬೇಡಿ. ಅಂಗಿಗೆ ಸಿಕ್ಕಿಸುವ ಒಂದು ಸಾಧಾರಣ ಮೈಕಿಗೆ ಹಾಕಿ. ಚಿತ್ರ ಮಬ್ಬಾಗಿದ್ದರೆ ಮಕ್ಕಳು ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಸಹಿಸುವುದಿಲ್ಲ. ಫ್ಯಾನು ಆರಿಸಿ. ಹಾಸಿಗೆ, ಬಟ್ಟೆ ಇರುವ ಕೋಣೆಯಲ್ಲಿ ಕೂತರೆ ಧ್ವನಿ ಮಾರ್ದನಿಸುವುದಿಲ್ಲ. ನನ್ನ ಪಾಠಗಳೆಲ್ಲ ಬೆಳಗಿನ ಐದು ಗಂಟೆಗೆ, ಹಾಲಿನವನು ಬರುವ ಮೊದಲು ಮಾಡಿದವು. ಶುರುವಿನಲ್ಲಿ ಐದು ಸೆಕೆಂಡ್ ಸುಮ್ಮನಿರಿ. ಆ ಮೌನವನ್ನು ಮಾದರಿಯಾಗಿ ಕೊಟ್ಟರೆ ಆಡಾಸಿಟಿ ಹಿನ್ನೆಲೆಯ ಗುಂಯ್‌ಗುಡುವ ಸದ್ದನ್ನು ತೆಗೆಯುತ್ತದೆ.

ಡೇಟಾ ಕಡಿಮೆ ಇರುವವರಿಗೆ ಧ್ವನಿ ಮಾತ್ರದ ಕಡತವನ್ನೂ ಕೊಡಿ. 64 ಕೆಬಿಪಿಎಸ್‌ನಲ್ಲಿ ಹತ್ತು ನಿಮಿಷದ ಮಾತು 5 ಎಂಬಿಗೂ ಕಡಿಮೆ. ನಮ್ಮಲ್ಲಿ ಊರಿಗೆ ಹೋದರೆ ನೆಟ್‌ವರ್ಕ್ ಸಿಗದ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಂಡು ಹೋಗುವುದು ಇದನ್ನೇ.

ಹಂತ 7: ಪ್ರಶ್ನೆಗಳು

ವಿಡಿಯೊಗಿಂತ ಜಾಸ್ತಿ ಕಲಿಸುವುದು ಇವು ಎಂದು ನನ್ನ ಅನುಭವ. ಆದರೂ ನಾವು ಕೊನೆಗೆ ಹತ್ತು ಆಬ್ಜೆಕ್ಟಿವ್ ಪ್ರಶ್ನೆ ಹೊಸೆದು ಕೈ ತೊಳೆದುಕೊಳ್ಳುತ್ತೇವೆ.

ಪ್ರಶ್ನೆ ಬರೆಯುವಾಗ ತಪ್ಪು ಉತ್ತರಗಳನ್ನು ಕಲ್ಪಿಸಿಕೊಳ್ಳಬೇಡಿ. ಹಳೆಯ ಪೇಪರುಗಳಿಂದ ಹೆಕ್ಕಿ. ಮೇಲಿನ ಟೊಮೆಟೊ ಲೆಕ್ಕಕ್ಕೆ ನನ್ನ ನಾಲ್ಕು ಆಯ್ಕೆಗಳು: 0.4, 2.5, 2, 0.5. ಸರಿಯಾದದ್ದು 0.4. ಸೂತ್ರ ತಲೆಕೆಳಗು ಮಾಡಿದವರಿಗೆ 2.5 ಬರುತ್ತದೆ. ಶೇಕಡಾ ತೆಗೆಯದೆ ಹತ್ತು ಕೆ.ಜಿ.ಯನ್ನು ಐದು ರೂಪಾಯಿಯಿಂದ ಭಾಗಿಸಿದವರಿಗೆ 2. ಎರಡೂ ತಪ್ಪು ಒಟ್ಟಿಗೆ ಮಾಡಿದವರಿಗೆ 0.5. ಯಾರು ಏನು ಒತ್ತಿದರು ಎಂದು ನೋಡಿದರೆ ಅವರ ತಲೆಯೊಳಗೆ ಏನು ನಡೆಯಿತು ಎಂದು ಗೊತ್ತಾಗುತ್ತದೆ. ಮೊದಲ ಸಲ ನನ್ನ ಕ್ಲಾಸಿನಲ್ಲಿ 2.5 ಒತ್ತಿದವರೇ ಜಾಸ್ತಿ. ಹಳೆಯ ಪಿಡಿಎಫ್ ಇನ್ನೂ ಬದುಕಿತ್ತು.

ಗೂಗಲ್ ಫಾರ್ಮ್ ಸಾಕು. ಅದರಲ್ಲಿ ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ವಿಭಾಗಕ್ಕೆ ಕಳಿಸುವ ಸೌಲಭ್ಯ ಇದೆ. 2.5 ಒತ್ತಿದವರನ್ನು "ಸೂತ್ರದಲ್ಲಿ ಮೇಲೆ ಯಾವುದು?" ಎಂಬ ವಿವರಣೆಗೆ, 2 ಒತ್ತಿದವರನ್ನು ಶೇಕಡಾ ಪಾಠಕ್ಕೆ ಕಳಿಸಿ. ಕಾಲೇಜಿನಲ್ಲಿ ಮೂಡಲ್ ಎಂಬ ಆನ್‌ಲೈನ್ ಕಲಿಕೆಯ ತಂತ್ರಾಂಶ ಇದ್ದರೆ ಇನ್ನೂ ಒಳ್ಳೆಯದು. ಪ್ರತಿ ವಿದ್ಯಾರ್ಥಿಗೂ ಬೇರೆ ಅಂಕಿ ಕೊಡುವ ಲೆಕ್ಕದ ಪ್ರಶ್ನೆಗಳನ್ನು ಅದರಲ್ಲಿ ಮಾಡಬಹುದು. ಪಕ್ಕದವನ ಫೋನು ನೋಡಿ ಪ್ರಯೋಜನವಿಲ್ಲ. ಕಾಲೇಜಿನಲ್ಲಿ ಸರ್ವರ್ ಕೂಡ ಇಲ್ಲ, ಮಕ್ಕಳ ಬಳಿ ನೆಟ್ಟೂ ಇಲ್ಲ ಎಂದರೆ ಲೂಮಿ ಎಂಬ ಉಚಿತ ತಂತ್ರಾಂಶದಲ್ಲಿ ಎಚ್‌5ಪಿ ಎಂಬ, ಪರದೆಯಲ್ಲೇ ಉತ್ತರಿಸುವ ಚಟುವಟಿಕೆ ಮಾಡಿ ಒಂದೇ ಎಚ್‌ಟಿಎಂಎಲ್ ಕಡತವಾಗಿ ಇಳಿಸಿಕೊಳ್ಳಿ. ಪೆನ್‌ಡ್ರೈವಿನಲ್ಲಿ ಕೊಟ್ಟರೂ ನಡೆಯುತ್ತದೆ.

ಹಂತ 8: ಎಲ್ಲಿ ಇಡುವುದು?

ವಾಟ್ಸಾಪಿಗೆ ಹಾಕಿ, ಖಂಡಿತ ಹಾಕಿ, ಮಕ್ಕಳು ಇರುವುದು ಅಲ್ಲೇ. ವಿಡಿಯೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಅದು ಕುಗ್ಗಿಸಿ ಹಾಳು ಮಾಡುವುದಿಲ್ಲ. ಆದರೆ ಪಾಠದ ಮನೆ ಬೇರೆ ಕಡೆ ಇರಬೇಕು, ಗ್ರೂಪಿಗೆ ಹೋಗುವುದು ಕೊಂಡಿ.

ನಾನು ಪಠ್ಯ ಮತ್ತು ಮೂಲ ಕಡತಗಳನ್ನು ಜೆನೊಡೊದಲ್ಲಿ ಇಡುತ್ತೇನೆ. ಯುರೋಪಿನ ಸರ್ನ್ ಪ್ರಯೋಗಾಲಯ ನಡೆಸುವ ಉಚಿತ ಭಂಡಾರ ಅದು. ನೀವು ಹಾಕಿದ ಪ್ರತಿ ಪಾಠಕ್ಕೂ ಡಿಓಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಕೊಡುತ್ತದೆ, ತಿದ್ದಿದ ಆವೃತ್ತಿ ಹಾಕಿದರೆ ಹಳೆಯದನ್ನೂ ಉಳಿಸುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲಿಗೆ ಪುರಾವೆ ಕೇಳಿದಾಗ ಆ ಸಂಖ್ಯೆಯನ್ನೇ ಬರೆದುಕೊಟ್ಟೆ, ಅದೊಂದು ಲಾಭ. ಇಂಟರ್ನೆಟ್ ಆರ್ಕೈವ್ ಕೂಡ ಒಳ್ಳೆಯ ಜಾಗ. ನೀವೇ ಬರೆದ ಚಿತ್ರಗಳನ್ನು ಕಾಮನ್ಸ್‌ಗೆ ಹಾಕಿ. ಅಲ್ಲಿ ಎಂಪಿ4 ವಿಡಿಯೊ ತೆಗೆದುಕೊಳ್ಳುವುದಿಲ್ಲ, ವೆಬ್‌ಎಂ ಆಗಿ ಬದಲಾಯಿಸಬೇಕು.

ಯೂಟ್ಯೂಬಿಗೆ ಹಾಕುವಾಗ ಒಂದು ಬಟನ್ ಮರೆಯಬೇಡಿ. ಅಲ್ಲಿ ತಾನಾಗಿ ಬರುವುದು ಯೂಟ್ಯೂಬಿನದ್ದೇ ಲೈಸೆನ್ಸ್. ವಿವರಗಳ ಪುಟದಲ್ಲಿ ಕೆಳಗಿಳಿದು ಕ್ರಿಯೇಟಿವ್ ಕಾಮನ್ಸ್ ಆರಿಸಬೇಕು. ಅಲ್ಲಿರುವ ಸಿಸಿ ಆಯ್ಕೆ ಬೈ ಒಂದೇ. ಹಾಗಾಗಿ ಬೈ-ಎಸ್‌ಎ ಚಿತ್ರ ಬಳಸಿ ಮಾಡಿದ ವಿಡಿಯೊ ಆದರೆ ಆ ಬಟನ್ ಮುಟ್ಟದೆ, ವಿವರಣೆಯಲ್ಲೇ ಲೈಸೆನ್ಸನ್ನು ಸ್ಪಷ್ಟವಾಗಿ ಬರೆಯಿರಿ.

ಬರೀ ಪಿಡಿಎಫ್ ಹಾಕಿ ಕೈ ಬಿಡಬೇಡಿ. ತಿದ್ದಲು ಬರುವ ಓಡಿಟಿ ಕಡತ, ಚಿತ್ರದ ಎಸ್‌ವಿಜಿ, ಲೆಕ್ಕದ ಸ್ಪ್ರೆಡ್‌ಶೀಟ್, ವಿಡಿಯೊದ ಮಾತಿನ ಪಠ್ಯ, ಎಲ್ಲವನ್ನೂ ಒಂದು ಜಿಪ್ ಮಾಡಿ ಜೊತೆಗಿಡಿ. ಲೈಸೆನ್ಸ್ ಇದ್ದರೂ ಮೂಲ ಕಡತ ಇಲ್ಲದಿದ್ದರೆ ತಿದ್ದುವವರು ನನ್ನ ಹಾಗೆ ಮೊದಲಿಂದ ಟೈಪ್ ಮಾಡಬೇಕಾಗುತ್ತದೆ.

ಹಾಕುವ ಮುಂಚೆ ಐದು ನಿಮಿಷದ ಪರೀಕ್ಷೆ: ಒಂದು ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ತೆರೆಯಿರಿ. ಅದರೊಳಗೆ "ಬೇಡಿಕೆ" ಎಂದು ಹುಡುಕಿ. ಸಿಕ್ಕಿತೇ? ಒಂದು ಸಾಲನ್ನು ನಕಲು ಮಾಡಿ ವಾಟ್ಸಾಪಿನಲ್ಲಿ ಅಂಟಿಸಿ. ಕನ್ನಡವಾಗೇ ಬಂತೇ? ಲೈಸೆನ್ಸ್ ಮೊದಲ ಪುಟದಲ್ಲೇ ಇದೆಯೇ? ಯೂನಿಕೋಡ್ ಆದರೂ ಕೆಲವು ಪಿಡಿಎಫ್‌ಗಳಲ್ಲಿ ಒತ್ತಕ್ಷರ ಕೆಡುತ್ತದೆ. ಆಗ ಇಪಬ್ ಎಂಬ ಇ-ಪುಸ್ತಕದ ರೂಪವನ್ನೂ ಕೊಡಿ.

ಹಂತ 9: ಕ್ಲಾಸಿನಲ್ಲಿ ಬಳಸಿ, ತಿದ್ದಿ

ಪಾಠ ಆನ್‌ಲೈನಿನಲ್ಲಿದೆ ಎಂದು ಕ್ಲಾಸಿನಲ್ಲಿ ಅದನ್ನೇ ಓದಬೇಡಿ. ಹಿಂದಿನ ದಿನ ವಿಡಿಯೊ ಮತ್ತು ಮೂರು ಪ್ರಶ್ನೆ ಕಳಿಸಿ. ಬೆಳಗ್ಗೆ ಉತ್ತರಗಳನ್ನು ನೋಡಿ, ಎಲ್ಲಿ ಎಡವಿದ್ದಾರೋ ಅಲ್ಲಿಂದ ಪಾಠ ಶುರು ಮಾಡಿ. ಎಲ್ಲರೂ ನೋಡಿ ಬರುತ್ತಾರೆ ಎಂದುಕೊಳ್ಳಬೇಡಿ. ನನ್ನಲ್ಲಿ ಮೊದಲ ವಾರ ಮೂರರಲ್ಲಿ ಒಬ್ಬರೂ ನೋಡಿರಲಿಲ್ಲ. ಕ್ಲಾಸಿನ ಮೊದಲ ಹತ್ತು ನಿಮಿಷ ಜೋಡಿ ಜೋಡಿಯಾಗಿ ಒಂದು ಫೋನಿನಲ್ಲಿ ನೋಡಲು ಬಿಟ್ಟೆ. ಅದು ನಡೆಯಿತು.

ಮುಂದಿನ ಬ್ಯಾಚಿಗೆ ಕೆಲಸವನ್ನು ಹಂಚಿ. ಮಾರುಕಟ್ಟೆಯ ಬೆಲೆ ಪಟ್ಟಿಯಿಂದ ತಮ್ಮ ಊರಿನ ಒಂದು ಬೆಳೆಯನ್ನು ಆರಿಸಿ ಪ್ರತಿ ಗುಂಪೂ ಒಂದು ಲೆಕ್ಕ ಮಾಡಲಿ. ಬೆಲೆ ಸಿಗುತ್ತದೆ, ಪಕ್ಕದ ಅಂಗಡಿಯಲ್ಲಿ ಎಷ್ಟು ಮಾರಾಟವಾಯಿತು ಎಂದು ಅವರೇ ಹೋಗಿ ಕೇಳಬೇಕು. ಚೆನ್ನಾಗಿ ಬಂದದ್ದನ್ನು ಪಾಠಕ್ಕೆ ಸೇರಿಸಿ. ಆದರೆ ಅವರು ಬರೆದದ್ದು ಅವರದ್ದು. ಸೇರಿಸುವ ಮೊದಲು ಲೈಸೆನ್ಸ್ ಏನೆಂದು ಕನ್ನಡದಲ್ಲಿ ವಿವರಿಸಿ, ಒಪ್ಪಿದವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಹೆಸರು ಹಾಕಬೇಕೋ ಬೇಡವೋ ಎಂದೂ ಕೇಳಿ. ಬೇಡ ಎಂದರೆ ಇಂಟರ್ನಲ್ಸ್ ಅಂಕ ಕಡಿಮೆಯಾಗಬಾರದು, ಇದನ್ನು ಮೊದಲೇ ಹೇಳಿಬಿಡಿ.

ಸೆಮಿಸ್ಟರ್ ಮುಗಿದ ಮೇಲೆ ಎರಡು ದಿನ ತಿದ್ದುವುದಕ್ಕೆ ಇಡಿ. ಕಡತದ ಹೆಸರಿನಲ್ಲೇ ಆವೃತ್ತಿ ಸಂಖ್ಯೆ ಇರಲಿ, ಕೊನೆಯ ಪುಟದಲ್ಲಿ ಏನು ಬದಲಾಯಿತು ಎಂಬ ಪಟ್ಟಿ ಇರಲಿ. ತಪ್ಪು ಕಂಡವರು ತಿಳಿಸಲು ಒಂದು ಫಾರ್ಮಿನ ಕೊಂಡಿ ಮೊದಲ ಪುಟದಲ್ಲೇ ಇರಲಿ. ನನ್ನ ಪಾಠದ 1.1ನೇ ಆವೃತ್ತಿಯ ಬದಲಾವಣೆ ಪಟ್ಟಿಯಲ್ಲಿ ಮೂರೇ ಸಾಲು ಇವೆ. ಉಪ್ಪಿನ ವಿಡಿಯೊಕ್ಕೆ ಸಬ್‌ಟೈಟಲ್ ಸೇರಿಸಿದೆ. ಎರಡನೇ ಚಿತ್ರದಲ್ಲಿ ಅಕ್ಷಗಳ ಹೆಸರು ಅದಲುಬದಲಾಗಿದ್ದನ್ನು ಸರಿಪಡಿಸಿದೆ. ಮೂರನೆಯದು ಬೇರೆ ಕಾಲೇಜಿನ ಒಬ್ಬ ವಿದ್ಯಾರ್ಥಿನಿ ಆ ಫಾರ್ಮಿನಲ್ಲಿ ಬರೆದು ಕಳಿಸಿದ್ದು: ಏಳನೇ ಪುಟದ ಅಭ್ಯಾಸದ ಉತ್ತರದಲ್ಲಿ ಸೂತ್ರ ತಲೆಕೆಳಗಾಗಿದೆ, ಸರ್.